ಪದಚರ್ಚೆ: ನಾಲಿಗೆ 'ಜುಮ್' ಅನ್ನುವುದಕ್ಕೆ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ.

ನಾನು ನಾಲ್ಕು ವರ್ಷದಿಂದ ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನಲ್ಲಿದ್ದೇನೆ. ಸಿಚುವಾನ್ ಊಟ ಈಗ ಮನೆ ಊಟದಷ್ಟೇ ಒಗ್ಗಿದೆ. ಆದರೆ ಅದರ ಮುಖ್ಯ ರುಚಿ ಒಂದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಲು ಹೊರಟರೆ ಪ್ರತಿ ಸಲ ಪದ ಸಿಗದೆ ನಿಲ್ಲುತ್ತೇನೆ.

ಇಲ್ಲಿ ನೂಡಲ್ಸ್ ಅಂಗಡಿಯಲ್ಲಿ 'ಲಾ ಇರಲಿ, ಮಾ ಕಡಿಮೆ ಹಾಕಿ' ಅಂತ ಬೇರೆ ಬೇರೆ ಹೇಳಬಹುದು. ಎರಡೂ ಸೇರಿದರೆ 'ಮಾಲಾ'. 'ಲಾ' ಅಂದರೆ ಮೆಣಸಿನಕಾಯಿಯ ಖಾರ, ಅದು ಸುಲಭ. 'ಮಾ' ಬರುವುದು 'ಹ್ವಾಚ್ಯಾವ್' ಎಂಬ ಪುಟ್ಟ ಕಾಯಿಯ ಸಿಪ್ಪೆಯಿಂದ. ಬಾಯಿಗಿಟ್ಟರೆ ಮೊದಲು ನಿಂಬೆ ಸಿಪ್ಪೆಯ ಪರಿಮಳ, ಆಮೇಲೆ ತುಟಿ, ನಾಲಿಗೆ ತುದಿ ಸಣ್ಣಗೆ ನಡುಗಲು ಶುರು. ಲಂಡನ್ನಿನ ಸಂಶೋಧಕರು 2013ರಲ್ಲಿ ಇದನ್ನು ಅಳೆದಿದ್ದರು. ತುಟಿಗೆ ಅದು ಸೆಕೆಂಡಿಗೆ ಸುಮಾರು 50 ಸಲ ಅದುರಿದ ಹಾಗೆ ಅನಿಸುತ್ತದಂತೆ. ಇದನ್ನೂ ಖಾರ ಅಂದುಬಿಟ್ಟರೆ ಅರ್ಧ ರುಚಿ ಕಳೆದುಹೋಗುತ್ತದೆ, ಅಲ್ವಾ?

ಕೂತು ಕೂತು ಕಾಲು ಜೋಮು ಹಿಡಿದರೂ ಚೀನಿಯರು 'ಮಾ' ಅಂತಲೇ ಹೇಳುತ್ತಾರೆ. ಆಪರೇಷನ್‌ಗೆ ಮುಂಚೆ ಕೊಡುವ ಅರಿವಳಿಕೆಯ ಹೆಸರಿನಲ್ಲೂ ಇದೇ 'ಮಾ' ಇದೆ. ಹಾಗಾಗಿ ಮೊದಲು 'ಜೋಮು' ಸರಿ ಅನಿಸಿತ್ತು. ಆದರೆ 'ಸಾರು ಜೋಮಾಗಿದೆ' ಅಂದರೆ ಯಾರಿಗೂ ತಿನ್ನುವ ಆಸೆ ಬರುವುದಿಲ್ಲ. 'ಮರಗಟ್ಟು' ಇನ್ನೂ ದೂರ, ಅದರಲ್ಲಿ ಜೀವವೇ ಇಲ್ಲ. ಮಾ ಅಂದರೆ ನಾಲಿಗೆ ಸತ್ತ ಹಾಗಲ್ಲ, ಎಚ್ಚೆತ್ತ ಹಾಗೆ. (ಮಾಪೋ ತೋಫು ಎಂಬ ಇಲ್ಲಿನ ಖಾದ್ಯ ತಿಂದವರಿಗೆ ಒಂದು ಮಾತು: ಆ ಹೆಸರಿನ 'ಮಾ' ಈ ರುಚಿಯಲ್ಲ, ಅಡುಗೆ ಮಾಡಿದ ಅಜ್ಜಿಯ ಮುಖದ ಸಿಡುಬಿನ ಕಲೆ. ಬರೆಯುವ ಅಕ್ಷರ ಮಾತ್ರ ಅದೇ.)

ಪದ ನಮ್ಮ ಕರಾವಳಿಯ ಅಡುಗೆಮನೆಯಲ್ಲೇ ಇದೆಯೇನೋ ಅಂತ ಈಗ ಅನಿಸುತ್ತಿದೆ. ಮೀನು ಸಾರಿಗೆ ಹಾಕುವ ಜುಮ್ಮನಕಾಯಿ, ಕೊಂಕಣಿಯವರ ತೆಪ್ಪಳ, ಹ್ವಾಚ್ಯಾವ್‌ನ ಹತ್ತಿರದ ನೆಂಟ. ಸಸ್ಯಶಾಸ್ತ್ರದಲ್ಲಿ ಎರಡರದ್ದೂ ಒಂದೇ ಕುಲ. ಎರಡರಲ್ಲೂ ಕಪ್ಪು ಬೀಜ ತೆಗೆದು ಸಿಪ್ಪೆಯನ್ನಷ್ಟೇ ಬಳಸುತ್ತಾರೆ. ಇಲ್ಲಿನ ಮಾರುಕಟ್ಟೆಯಲ್ಲಿ ಮೊದಲ ಸಲ ಹಸಿರು ಹ್ವಾಚ್ಯಾವ್ ಮೂಸಿದಾಗ ನನಗೆ ಥಟ್ಟನೆ ನೆನಪಾಗಿದ್ದು ಬಂಗುಡೆ ಸಾರು.

ಇನ್ನೊಂದು ಹೋಲಿಕೆಯೂ ನನಗೆ ತುಂಬಾ ಇಷ್ಟ. 'ಚ್ಯಾವ್' ಅನ್ನುವುದು ಮೊದಲು ಹ್ವಾಚ್ಯಾವ್ ಕಾಯಿಯದೇ ಹೆಸರು. 16ನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕ ಖಂಡದ ಮೆಣಸಿನಕಾಯಿ ಚೀನಾಕ್ಕೆ ಬಂದಿತ್ತು. ಅದಕ್ಕೂ ಅದೇ ಹೆಸರು ಅಂಟಿಸಿ 'ಲಾಚ್ಯಾವ್' ಅಂದರು. ನಾವೂ ಹಾಗೇ ಅಲ್ವಾ, ಹಳೆಯ ಮೆಣಸಿನ ಹೆಸರನ್ನು ಹೊಸ ಕಾಯಿಗೆ ಕೊಟ್ಟೆವು.

ಈಗ ನನ್ನ ಪ್ರಶ್ನೆ. ಜುಮ್ಮನಕಾಯಿಗೆ ಆ ಹೆಸರು ನಾಲಿಗೆ 'ಜುಮ್' ಅನ್ನುವುದರಿಂದಲೇ ಬಂತೇ? ಹಾಗಿದ್ದರೆ 'ಜುಮ್ಮು' ಅನ್ನುವುದನ್ನು ಖಾರ, ಹುಳಿ, ಒಗರಿನ ಸಾಲಿನಲ್ಲಿ ಒಂದು ರುಚಿಯ ಹೆಸರಾಗಿ ಬಳಸಬಹುದೇ? 'ಸ್ವಲ್ಪ ಜುಮ್ಮು ಜಾಸ್ತಿಯಾಯ್ತು' ಅಂತ ನಿಮ್ಮ ಕಡೆ ಯಾರಾದರೂ ಹೇಳುತ್ತಾರೆಯೇ? ಉತ್ತರ ಕನ್ನಡ, ಉಡುಪಿ, ಮಲೆನಾಡಿನವರು ಮನೆಯ ಹಿರಿಯರನ್ನು ಒಮ್ಮೆ ಕೇಳಿ ಬರೆದರೆ ದೊಡ್ಡ ಉಪಕಾರ. ಬೇರೆ ಪದ ಇದ್ದರೆ ಅದನ್ನೂ ತಿಳಿಸಿ.