ವರ್ಕಲಾ ಕ್ಲಿಫ್ ಮೇಲೆ ಜೋಡಿಗೆ ಯಾವ ರೂಮು? ಬುಕಿಂಗ್ ಅಕ್ಕನ್ನ ಕೇಳಿ

ಅಡ್ಮಿನ್: ಈ ಭಾನುವಾರದ ಪ್ರಶ್ನೋತ್ತರ ವರ್ಕಲಾ ಬಗ್ಗೆ. ಹನಿಮೂನು, ಆನಿವರ್ಸರಿ ಅಂತ ಬರೋರೆಲ್ಲ ಕೇರಳದ ಆ ಕ್ಲಿಫ್ ಊರನ್ನೇ ಕೇಳ್ತಿದ್ದೀರ, ಅದಕ್ಕೆ ಮೈಸೂರಲ್ಲಿ ಕೂತು ಕೇರಳ ಬುಕಿಂಗೇ ಮಾಡೋ ನಮ್ಮ ಬುಕಿಂಗ್ ಅಕ್ಕನ್ನ ಕರೆದಿದ್ದೀವಿ. ಕೇಳೋ ಮುಂಚೆ ಮೇಲಿನ ಉತ್ತರ ಓದ್ಕೊಳಿ. ಫಾರ್ವರ್ಡ್ ಹಾಕ್ಬೇಡಿ ದಯವಿಟ್ಟು.

ಬುಕಿಂಗ್ ಅಕ್ಕ: ನಮಸ್ಕಾರ ಎಲ್ರಿಗೂ. ಮೊದಲೇ ಹೇಳ್ಬಿಡ್ತೀನಿ, ಹೋಟೆಲ್ ಹೆಸರು ಹೇಳಲ್ಲ. ನಾನು ಕಮಿಷನ್ನಲ್ಲಿ ಬದುಕೋಳು, ಒಂದು ಹೆಸರು ಹೇಳಿದ್ರೆ ಜಾಹೀರಾತು ಅಂತೀರ, ಇನ್ನೊಂದು ಬಿಟ್ರೆ ಹೊಟ್ಟೆಕಿಚ್ಚು ಅಂತೀರ. ಯಾವ ಕಡೆ ಉಳ್ಕೋಬೇಕು, ಯಾವ ಮಹಡಿ, ಹೋಟೆಲ್ನೋರಿಗೆ ಏನು ಕೇಳ್ಬೇಕು, ಇಷ್ಟು ಕೇಳಿ.

ದಾವಣಗೆರೆ ಬೆಣ್ಣೆ: ಅಕ್ಕಾ ಡಿಸೆಂಬರಲ್ಲಿ ನಮ್ಮ ಮದುವೆ ದಿನ, ಸೀ ವ್ಯೂ ರೂಮೇ ಬೇಕು ಅಂತ ಮನೇಲಿ ಹಠ. ನಾರ್ತ್ ಕ್ಲಿಫಾ ಸೌತ್ ಕ್ಲಿಫಾ?

ಬುಕಿಂಗ್ ಅಕ್ಕ: ನಾರ್ತ್ ಕ್ಲಿಫ್ ಅಂದ್ರೆ ಹೆಲಿಪ್ಯಾಡ್ ಕಡೆಯಿಂದ ಉತ್ತರಕ್ಕೆ ಹೋಗೋ ಕಾಲುದಾರಿ. ಒಂದು ಪಕ್ಕ ಕೆಳಗೆ ಸಮುದ್ರ, ಇನ್ನೊಂದು ಪಕ್ಕ ಸಾಲಾಗಿ ಕೆಫೆ, ಬಟ್ಟೆ ಅಂಗಡಿ, ಟಿಬೆಟಿಯನ್ನರ ಸರದ ಅಂಗಡಿ, ಮಸಾಜು. ಹೋಟೆಲ್‌ಗಳು ಜಾಸ್ತಿ ಇರೋದು ಅವುಗಳ ಹಿಂದೆ. ಹಂಗಾಗಿ ಗ್ರೌಂಡ್ ಫ್ಲೋರ್ 'ಸೀ ವ್ಯೂ' ಅಂದ್ರೆ ಎಷ್ಟೋ ಕಡೆ ಕೆಫೆಯ ಹಿಂದಿನ ಗೋಡೆ, ಗ್ಯಾಸ್ ಸಿಲಿಂಡರು, ಸಂದೀಲಿ ಒಂದು ಗೇಣು ಸಮುದ್ರ. ಮೇಲಿನ ಮಹಡಿ ಕೇಳಿ. ರೂಮ್ ನಂಬರ್ ಕೇಳಿ, ಆ ನಂಬರಿನ ಬಾಲ್ಕನೀಲಿ ನಿಂತು ತೆಗೆದ ವಿಡಿಯೋ ವಾಟ್ಸಾಪಲ್ಲಿ ತರಿಸ್ಕೊಳಿ, ವೆಬ್‌ಸೈಟ್ ಫೋಟೋ ನೋಡಿ ದುಡ್ಡು ಕಟ್ಬೇಡಿ. ಸೀಸನ್ನಲ್ಲಿ ಆ ದಾರೀಲಿ ರಾತ್ರಿ ತನಕ ಮ್ಯೂಸಿಕ್ಕು, ಓಡಾಟ. ಅದು ಇಷ್ಟ ಇದ್ರೆ ನಾರ್ತ್. ಇಬ್ರೇ ಸುಮ್ನೆ ಇರ್ಬೇಕು ಅಂದ್ರೆ ಸೌತ್ ಕ್ಲಿಫ್, ಇಲ್ಲ ಇನ್ನೂ ಉತ್ತರಕ್ಕೆ ಓಡಯಂ. ಓಡಯಂನಲ್ಲಿ ನೆಲ ತಗ್ಗು, ರೂಮಿಂದ ಬೀಚಿಗೆ ಮೆಟ್ಟಿಲ ಕಾಟ ಇಲ್ಲ, ಕ್ಲಿಫ್‌ಗೆ ನಡ್ಕೊಂಡೇ ಬರ್ಬೋದು. ಡಿಸೆಂಬರ್ 30ರಿಂದ ಜನವರಿ 1ರವರೆಗೆ ಶಿವಗಿರಿ ತೀರ್ಥಯಾತ್ರೆ, ನಾರಾಯಣ ಗುರುಗಳ ಸಮಾಧಿಗೆ ಹಳದಿ ಬಟ್ಟೆ ಉಟ್ಟ ಜನ ಊರು ತುಂಬಿರ್ತಾರೆ, ಆಟೋನೂ ಸಿಗಲ್ಲ. ಮತ್ತೆ 24, 31ರ ರಾತ್ರಿ ಎಷ್ಟೋ ದೊಡ್ಡ ಹೋಟೆಲ್ನೋರು ಗಾಲಾ ಡಿನ್ನರ್ ಅಂತ ತಲೆಗಿಷ್ಟು ಕಡ್ಡಾಯ ವಸೂಲಿ ಮಾಡ್ತಾರೆ, ಬುಕ್ ಮಾಡೋವಾಗ್ಲೇ ಕೇಳಿ.

ತಟ್ಟೆ ಇಡ್ಲಿ: ಬಜೆಟ್ ಎಷ್ಟಾಗುತ್ತೆ ಮೇಡಂ ಇಬ್ರಿಗೆ?

ಬುಕಿಂಗ್ ಅಕ್ಕ: ಯಾವ ತಿಂಗಳು ಅಂತ ಹೇಳದೆ ಏನು ಹೇಳ್ಲಿ. ಒಂದು ನೆನಪಿಟ್ಕೊಳಿ, 2025ರ ಸೆಪ್ಟೆಂಬರಿಂದ ರಾತ್ರಿಗೆ 7500 ರೂಪಾಯಿ ತನಕದ ರೂಮಿಗೆ ಜಿಎಸ್‌ಟಿ 5 ಪರ್ಸೆಂಟ್, ಅದಕ್ಕೆ ಮೇಲೆ ಹೋದ್ರೆ 18. 7800ರ ರೂಮು ತಗೊಂಡು ಆಮೇಲೆ ಬಿಲ್ ನೋಡಿ ಬಾಯ್ ಬಾಯ್ ಬಿಡ್ಬೇಡಿ.

ಹೆಸರು ಬೇಡ: ಮೇಡಂ ನಾವಿನ್ನೂ ಮದುವೆ ಆಗಿಲ್ಲ. ಅಲ್ಲಿ ರೂಮ್ ಕೊಡ್ತಾರಾ, ಪೊಲೀಸ್ ಪ್ರಾಬ್ಲಂ ಆಗುತ್ತಾ?

ಬುಕಿಂಗ್ ಅಕ್ಕ: ಇಬ್ರೂ ಮೇಜರ್ ಆಗಿದ್ರೆ ಒಂದೇ ರೂಮಲ್ಲಿ ಇರೋದು ಅಪರಾಧ ಅನ್ನೋ ಕಾನೂನು ಈ ದೇಶದಲ್ಲಿಲ್ಲ. 2019ರಲ್ಲಿ ಮದ್ರಾಸ್ ಹೈಕೋರ್ಟೇ ಹಂಗೆ ಹೇಳಿದೆ. ಆದ್ರೆ ನಮ್ಮಲ್ಲಿ ಕೊಡಲ್ಲ ಅನ್ನೋ ಹೋಟೆಲ್ ಇದ್ದೇ ಇದಾವೆ, ರಾತ್ರಿ ಬ್ಯಾಗ್ ಹಿಡ್ಕೊಂಡು ರಿಸೆಪ್ಷನ್ನಲ್ಲಿ ಕಾನೂನು ಓದಕ್ಕಾಗಲ್ಲ. ಮುಂಚೆನೇ ಮೆಸೇಜ್ ಮಾಡಿ ಕೇಳಿ, ಉತ್ತರ ಬರವಣಿಗೇಲಿ ಇರ್ಲಿ. ಇಬ್ರದ್ದೂ ಒರಿಜಿನಲ್ ಐಡಿ ತಗೊಂಡೋಗಿ.

ನಿವೃತ್ತ ಮೇಷ್ಟ್ರು: ದಂಪತಿಗಳೇ ಎಚ್ಚರ!! ಹೋಟೆಲ್ ರೂಮಿನ ಕನ್ನಡಿಗೆ ಬೆರಳು ಇಟ್ಟು ನೋಡಿ. ಬೆರಳಿಗೂ ಬಿಂಬಕ್ಕೂ ನಡುವೆ ಅಂತರ ಇಲ್ಲದಿದ್ದರೆ ಹಿಂದೆ ಕ್ಯಾಮೆರಾ ಇದೆ!! ಎಲ್ಲರಿಗೂ ತಲುಪಿಸಿ 🙏🙏

ಬುಕಿಂಗ್ ಅಕ್ಕ: ಮೇಷ್ಟ್ರೇ ನಿಮ್ಮ ಮೇಲೆ ಗೌರವ ಇದೆ, ಆದ್ರೆ ಇದನ್ನ ನಂಬ್ಕೊಂಡು ಕೂರೋದೇ ಅಪಾಯ. ಬೆರಳಿನ ಅಂತರ ಕನ್ನಡಿ ಗಾಜಿಗೆ ಹೊಳೆಯೋ ಲೇಪ ಮುಂದೆ ಬಳಿದಿದ್ದಾರಾ ಹಿಂದೆ ಬಳಿದಿದ್ದಾರಾ ಅನ್ನೋದ್ರ ಮೇಲೆ ಹೋಗುತ್ತೆ, ಕ್ಯಾಮೆರಾ ಇದೆಯೋ ಇಲ್ವೋ ಅದು ಹೇಳಲ್ಲ. ಜನ ಕನ್ನಡಿ ಮುಟ್ಟಿ ಸಮಾಧಾನ ಮಾಡ್ಕೋತಾರೆ, ಹಾಸಿಗೆ ಎದುರಿಗೆ ಸಿಕ್ಸಿರೋ ಚಾರ್ಜರ್ ಅಡಾಪ್ಟರ್, ಗೋಡೆ ಗಡಿಯಾರ, ಸ್ಮೋಕ್ ಡಿಟೆಕ್ಟರ್ ಕಡೆ ತಿರುಗೂ ನೋಡಲ್ಲ. ಅವನ್ನ ನೋಡಿ. ಯಾಕಿದೆ ಅಂತ ಅರ್ಥ ಆಗದ ಅಡಾಪ್ಟರ್ ಕಿತ್ತು ಡ್ರಾಯರಿಗೆ ಹಾಕಿ. ಏನಾದ್ರೂ ಸಿಕ್ರೆ ಹೋಟೆಲ್ ಮ್ಯಾನೇಜರ್ ಜೊತೆ ಜಗಳಕ್ಕೆ ನಿಲ್ಲದೆ 112ಕ್ಕೆ ಫೋನ್ ಮಾಡಿ.

ಕೆ.ಆರ್. ಪೇಟೆ ಎಕ್ಸ್‌ಪ್ರೆಸ್: ಅಕ್ಕಾ ನಮಸ್ತೆ. ಮದುವೆ ಆದ್ಮೇಲೆ ಇದು ಮೊದಲನೇ ಭೀಮನ ಅಮಾವಾಸ್ಯೆ, ಹೆಂಡ್ತಿಗೆ ಸರ್‌ಪ್ರೈಸ್ ಕೊಡೋಣ ಅಂತ ಅದೇ ದಿನಕ್ಕೆ ಎರಡು ರಾತ್ರಿ ವರ್ಕಲಾ ನೋಡಿದೀನಿ. 'ಕ್ಲಿಫ್ ಎಡ್ಜ್ ಕಾಟೇಜ್' ಅಂತೆ, ಮಂಚದಿಂದಾನೇ ಸಮುದ್ರ, ಅರ್ಧಕ್ಕಿಂತ ಜಾಸ್ತಿ ಡಿಸ್ಕೌಂಟು, ಬುಕ್ ಮಾಡ್ಬಿಟ್ಟೆ, ನಾನ್ ರಿಫಂಡಬಲ್. ಅಂಚಲ್ಲೇ ಕ್ಯಾಂಡಲ್ ಲೈಟ್ ಡಿನ್ನರ್ ಅರೇಂಜ್ ಮಾಡ್ತಾರಂತೆ. ಅವಳಿಗೀಗ ನಾಲ್ಕು ತಿಂಗಳು. ಬೇರೆ ಏನಾದ್ರೂ ನೋಡ್ಕೋಬೇಕಾ?

ಬುಕಿಂಗ್ ಅಕ್ಕ: ತಮ್ಮಾ, ಒಂದೊಂದಾಗಿ ಹೇಳ್ತೀನಿ, ಪೂರ್ತಿ ಓದು.

ಮೊದಲು ದಿನ. ನಮಗೆ ಭೀಮನ ಅಮಾವಾಸ್ಯೆ ಅಂದ್ರೆ ಗಂಡ ಹೆಂಡ್ತಿ ಹಬ್ಬ. ಅವರಿಗೆ ಅದೇ ಅಮಾವಾಸ್ಯೆ ಕರ್ಕಿಡಕ ವಾವು, ಸತ್ತ ಹಿರಿಯರಿಗೆ ಬಲಿ ಹಾಕೋ ದಿನ. ಕೇರಳದಲ್ಲಿ ಅದಕ್ಕೆ ಹೆಸರಾದ ಜಾಗಗಳಲ್ಲಿ ಒಂದು ಅದೇ ಕ್ಲಿಫ್ ಕೆಳಗಿನ ಪಾಪನಾಶಂ ಬೀಚು. ಬೆಳಗಿನ ಜಾವದಿಂದ ಒದ್ದೆ ಬಟ್ಟೇಲಿ ಸಾಲುಸಾಲು ಜನ, ಬಾಳೆಲೆ, ಎಳ್ಳು ಅನ್ನ, ಕಾಗೆ. 2025ರಲ್ಲಿ ಜುಲೈ 24ಕ್ಕೆ ಬಂದಿತ್ತು, ನಮ್ಮ ಭೀಮನ ಅಮಾವಾಸ್ಯೆನೂ ಅವತ್ತೇ. ರೋಡ್ ಬಂದೋಬಸ್ತು, ಗಾಡಿ ದೂರದಲ್ಲೇ ನಿಲ್ಲಿಸ್ತಾರೆ. ನೋಡೋಕೆ ದೊಡ್ಡ ದೃಶ್ಯ, ನಾನು ಇಲ್ಲ ಅನ್ನಲ್ಲ, ಆದ್ರೆ ನೀನು ಅಂದ್ಕೊಂಡಿರೋ ರೋಮ್ಯಾನ್ಸು ಅದಲ್ಲ.

ಎರಡನೇದು ಆ 'ಎಡ್ಜ್'. ನನ್ನ ನಿದ್ದೆ ಕೆಡಿಸೋ ಪದ ಅದು. ಆ ಕ್ಲಿಫ್ ಕರಿಕಲ್ಲು ಅಂದ್ಕೊಂಡಿದೀರ ಎಲ್ರೂ. ಅಲ್ಲ. ಮೇಲೆ ಜಂಬಿಟ್ಟಿಗೆ, ಕೆಳಗೆ ಮರಳುಗಲ್ಲು, ಜೇಡಿಮಣ್ಣು. ಮಳೆ ನೀರು ಜಂಬಿಟ್ಟಿಗೇಲಿ ಇಳಿದು ಇಳಿದು ಜೇಡಿ ಸಿಕ್ಕ ಕಡೆ ಮುಂದಕ್ಕೆ ಹೋಗಕ್ಕಾಗದೆ ಪಕ್ಕಕ್ಕೆ ಹರಿದು ಕ್ಲಿಫ್ ಮುಖದಿಂದ ಜಿನುಗುತ್ತೆ, ಬೀಚಲ್ಲಿ ನಿಂತು ನೋಡಿದ್ರೆ ಕಾಣ್ಸುತ್ತೆ, ಅಲ್ಲಲ್ಲಿ ಊಟೆ ಥರ ಸುರೀತಿರುತ್ತೆ. ಇತ್ತ ಮಳೆಗಾಲದ ಅಲೆ ಬುಡ ಕೊರೀತಿರುತ್ತೆ. ಮೇಲೆ ಹೋಟೆಲ್ ಭಾರ, ಇಂಗುಗುಂಡಿ ನೀರು. ಒಂದು ದಿನ ಅಂಚು ಹೇಳದೆ ಕೇಳದೆ ಹೋಳಾಗಿ ಬೀಳುತ್ತೆ. ಮಳೆಗಾಲ ಬಂತಂದ್ರೆ ಇಲ್ಲಿ ಕುಸೀತು ಅಲ್ಲಿ ಕುಸೀತು ಅನ್ನೋ ಸುದ್ದಿ ಇದ್ದಿದ್ದೇ. ಕೆಲವು ಕಡೆ ಬೇಲಿ ಕಂಬದ ಬುಡದಲ್ಲಿ ಮಣ್ಣೇ ಇಲ್ಲ, ಸಿಮೆಂಟ್ ಮುದ್ದೆ ಸಮೇತ ಕಂಬ ಗಾಳೀಲಿ ನೇತಾಡ್ತಿರುತ್ತೆ, ಅದಕ್ಕೆ ಆತ್ಕೊಂಡು ಜನ ಸೆಲ್ಫಿ. ಡಿಸ್ಕೌಂಟು ಯಾಕೆ ಕೊಟ್ಟಿದ್ದಾನೆ ಅಂತ ಈಗ ಯೋಚನೆ ಮಾಡು. ಆ ತಿಂಗಳಲ್ಲಿ ಅರ್ಧಕ್ಕರ್ಧ ಕೆಫೆ ಟಾರ್ಪಾಲು ಹೊದ್ಕೊಂಡು ಮಲಗಿರ್ತಾವೆ, ಸೂರ್ಯಾಸ್ತ ಮೋಡದಲ್ಲಿ ಹೋಗುತ್ತೆ, ಗಾಳಿಗೆ ಕ್ಯಾಂಡಲ್ ನಿಲ್ಲಲ್ಲ.

ಮೂರನೇದು ನಿನ್ನ ಹೆಂಡ್ತಿ. ಕಾಟೇಜ್ ಬಾಗ್ಲಿಗೆ ಆಟೋ ಬರುತ್ತಾ, ಎಷ್ಟು ಮೆಟ್ಟಿಲು, ರಾತ್ರಿ ಲೈಟ್ ಇದೆಯಾ, ಕರೆಂಟ್ ಹೋದ್ರೆ ಜನರೇಟರ್ ಇದೆಯಾ? ಮಳೇಲಿ ಜಂಬಿಟ್ಟಿಗೆ ಮೆಟ್ಟಿಲು ಪಾಚಿ ಹಿಡಿದು ಜಾರುತ್ತೆ. ಪ್ರಯಾಣ ಮಾಡ್ಬೋದಾ ಅಂತ ನಿಮ್ಮ ಡಾಕ್ಟ್ರನ್ನ ಕೇಳು, ನನ್ನನ್ನಲ್ಲ, ಈ ಗ್ರೂಪನ್ನಂತೂ ಅಲ್ವೇ ಅಲ್ಲ.

ದುಡ್ಡು ಹೋಯ್ತು ಅಂದ್ಕೋಬೇಡ. ನಾನ್ ರಿಫಂಡಬಲ್ ಅಂದ್ರೆ ವಾಪಸ್ ಕೊಡಲ್ಲ ಅಂತಷ್ಟೇ, ಡೇಟ್ ಬದಲಾಯಿಸಲ್ಲ ಅಂತ ಬರೆದಿದೆಯಾ ನೋಡು. ಆಫ್ ಸೀಸನ್ನಲ್ಲಿ ಎಷ್ಟೋ ಜನ ಒಪ್ತಾರೆ. ಅಂಚಿನ ಕಾಟೇಜ್ ಬೇಡ, ಅದೇ ಹೋಟೆಲಲ್ಲಿ ಹಿಂದಿನ ಬ್ಲಾಕ್ ಕೊಡಿ, ಕೆಳಗಿನ ಮಹಡಿ, ಗಾಡಿ ಬರೋ ಗೇಟ್ ಪಕ್ಕ ಅಂತ ಕೇಳು. ಮೇಲೆ ಇನ್ನೊಬ್ರಿಗೆ ಮೇಲಿನ ಮಹಡಿ ಅಂದಿದ್ದೆ, ಅದು ಡಿಸೆಂಬರಿಗೆ, ಬಸುರಿ ಅಲ್ಲದೋರಿಗೆ.

ಮಲ್ಲಿಗೆ ಹಂಬು: ಆಷಾಢದಲ್ಲಿ ಹೊಸ ಜೋಡಿ ಒಂದೇ ಸೂರಲ್ಲಿ ಇರಬಾರದು ಅಂತಾರೆ, ಇವರು ಹೋಟೆಲ್ ಬುಕ್ ಮಾಡ್ತಾರಂತೆ. ಮನೇಲಿ ದೊಡ್ಡೋರು ಇಲ್ವಾ?

ಬುಲೆಟ್ ರಾಜ: ಆಷಾಢದಲ್ಲಿ ಬಸುರಿ ಆದ್ರೆ ಚೈತ್ರದ ಬಿಸಿಲಲ್ಲಿ ಹೆರಿಗೆ ಅಂತ ಆ ಶಾಸ್ತ್ರ ಮಾಡಿದ್ದು ಆಂಟಿ. ಇಲ್ಲಿ ಆ ಕೆಲಸ ಆಗ್ಲೇ ಮುಗ್ದಿದೆಯಲ್ಲ 😂

ಮಲ್ಲಿಗೆ ಹಂಬು: ಆಂಟಿ ಯಾರಪ್ಪ ನಿಂಗೆ? ದೊಡ್ಡೋರ ಹತ್ರ ಹೆಂಗೆ ಮಾತಾಡ್ಬೇಕು ಅಂತ ಕಲ್ತಿಲ್ವಾ?

ತಟ್ಟೆ ಇಡ್ಲಿ: ಭೀಮನ ಅಮಾವಾಸ್ಯೆಗೆ ಆಷಾಢ ಮುಗಿಯುತ್ತೆ ಬಿಡಿ, ಮಾರನೇ ದಿನ ಶ್ರಾವಣ.

ಮಲ್ಲಿಗೆ ಹಂಬು: ಎರಡು ರಾತ್ರಿ ಅಂದಿದ್ದಾನೆ. ಹಿಂದಿನ ರಾತ್ರಿ ಯಾವ ಮಾಸ? ಲೆಕ್ಕ ನಂಗೂ ಬರುತ್ತೆ.

ನಾಯಿಪ್ರಿಯ: ಮೇಡಂ ನಾಯಿ ಕರ್ಕೊಂಡು ಹೋಗ್ಬೋದಾ ಅಲ್ಲಿಗೆ?

ಕರಾವಳಿ ಕುವರ: ನಮ್ಮ ಗೋಕರ್ಣ ಬಿಟ್ಟು ಕೇರಳಕ್ಕೆ ಯಾಕೆ ಓಡ್ತೀರೋ ಗೊತ್ತಾಗ್ತಿಲ್ಲ ಮಾರಾಯ್ರೆ. ಓಂ ಬೀಚಿಗೆ ಏನಾಗಿದೆ? ನಮ್ಮ ದುಡ್ಡು ನಮ್ಮಲ್ಲೇ ಇರಲಿ.

ದಾವಣಗೆರೆ ಬೆಣ್ಣೆ: ವರ್ಕಲಾ ಕ್ಲಿಫ್ 2025ರಲ್ಲಿ ಯುನೆಸ್ಕೋ ತಾತ್ಕಾಲಿಕ ಪಟ್ಟಿಗೆ ಸೇರಿದೆ ಸಾರ್, ಸುಮ್ನೆ ಅಲ್ಲ.

ಕರಾವಳಿ ಕುವರ: ಅದೇ ಪಟ್ಟಿಲಿ ನಮ್ಮ ಮಲ್ಪೆ ಹತ್ರದ ಸೇಂಟ್ ಮೇರೀಸ್ ದ್ವೀಪನೂ ಉಂಟು. ಪೂರ್ತಿ ಓದಿ ಹಾಕಿ.

ಬುಲೆಟ್ ರಾಜ: ಸೇಂಟ್ ಮೇರೀಸಲ್ಲಿ ರೂಮ್ ಕೊಡ್ತಾರಾ ರಾತ್ರಿ? ಸಂಜೆ ಬೋಟ್ ಹತ್ತಿಸಿ ಕಳಿಸ್ತಾರೆ. ಟಾಪಿಕ್ ಹೋಟೆಲ್ಲು ಗುರು.

ಕರಾವಳಿ ಕುವರ: ನಿಮ್ಮ ಗುರು ನಾನಲ್ಲ.

ಕೆ.ಆರ್. ಪೇಟೆ ಹೀರೋ: ಭಾವ!! ಭೀಮನ ಅಮಾವಾಸ್ಯೆ ದಿನ ಹೊಸ್ತಿಲ ಮೇಲೆ ಭಂಡಾರ ಒಡೆಯೋನು ನಾನು. ಅಕ್ಕನ್ನ ಕರ್ಕೊಂಡು ನೀವು ವರ್ಕಲಾಗೆ ಹೋದ್ರೆ ನಾನು ಯಾರ ಮನೆ ಹೊಸ್ತಿಲಲ್ಲಿ ಒಡೀಲಿ? ಅಮ್ಮ ಆಗ್ಲೇ ಕಡುಬಿನ ಲೆಕ್ಕ ಹಾಕಿದ್ದಾಳೆ.

ಕೆ.ಆರ್. ಪೇಟೆ ಎಕ್ಸ್‌ಪ್ರೆಸ್: ಲೋ ಡಿಲೀಟ್ ಮಾಡೋ. ಅವಳಿಗೆ ಹೇಳ್ಬೇಡ. ನೀನು ಈ ಗ್ರೂಪಲ್ಲಿ ಯಾವಾಗ ಸೇರ್ಕೊಂಡೆ?

ನಿವೃತ್ತ ಮೇಷ್ಟ್ರು: ಸಮುದ್ರದ ಸೆಳೆತಕ್ಕೆ ಸಿಕ್ಕವರು ಗಾಬರಿಯಾಗದೆ ದಡದ ಕಡೆಗೆ ನೇರವಾಗಿ ಪೂರ್ಣ ಶಕ್ತಿಯಿಂದ ಈಜಬೇಕು. ಇದನ್ನು 10 ಜನರಿಗೆ ಕಳಿಸಿ ಜೀವ ಉಳಿಸಿ.

ಬುಕಿಂಗ್ ಅಕ್ಕ: ಮೇಷ್ಟ್ರೇ ಇದನ್ನ ಅಳಿಸಿ. ಇದು ಜೀವ ತೆಗೆಯೋ ಸಲಹೆ. ಸೆಳೆತದ ಎದುರಿಗೆ ಈಜಿದ್ರೆ ಸುಸ್ತಾಗಿ ಮುಳುಗ್ತಾರೆ. ತೇಲ್ತಾ ಕೈ ಎತ್ತಿ ಸಹಾಯ ಕೇಳ್ಬೇಕು, ಈಜು ಬರೋರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ ಸೆಳೆತದಿಂದ ಹೊರಗೆ ಬಂದ ಮೇಲೆ ದಡದ ಕಡೆ ತಿರುಗ್ಬೇಕು. ಕೆಂಪು ಬಾವುಟ ಇದ್ರೆ ಮೊಣಕಾಲು ಮಟ್ಟಕ್ಕೂ ಇಳಿಬೇಡಿ. ಅಡ್ಮಿನ್, ಫಾರ್ವರ್ಡ್ ಬೇಡ ಅಂದಿದ್ರಲ್ಲ?

ನಿವೃತ್ತ ಮೇಷ್ಟ್ರು: ಒಳ್ಳೇದಕ್ಕೆ ಹಾಕಿದ್ದು. ಹಿರಿಯರಿಗೆ ಬೆಲೆಯೇ ಇಲ್ಲ.

ಅಡ್ಮಿನ್: ಅಳಿಸಿದೀನಿ. ಸರ್ ಬೇಜಾರು ಮಾಡ್ಕೋಬೇಡಿ.

ತಟ್ಟೆ ಇಡ್ಲಿ: ಗೂಗಲಲ್ಲಿ ಹೋಟೆಲ್ ನಂಬರ್ ಸಿಕ್ತು, ಡೈರೆಕ್ಟ್ ಫೋನ್ ಮಾಡಿದ್ರೆ ಅರ್ಧ ರೇಟು ಅಂದ, ಯುಪಿಐಲಿ ಅಡ್ವಾನ್ಸ್ ಕೇಳ್ತಿದ್ದಾನೆ. ಹಾಕ್ಲಾ?

ಬುಕಿಂಗ್ ಅಕ್ಕ: ಹಾಕ್ಬೇಡಿ!! ಮ್ಯಾಪಲ್ಲಿ ಹೋಟೆಲ್ ಹೆಸರಿಗೆ ಕಳ್ಳ ನಂಬರ್ ಅಂಟಿಸಿ ಅಡ್ವಾನ್ಸ್ ನುಂಗೋದು ಹಳೇ ದಂಧೆ. ಹೋಟೆಲಿನ ಸ್ವಂತ ವೆಬ್‌ಸೈಟಿಗೆ ಹೋಗಿ ಅಲ್ಲಿರೋ ನಂಬರ್ ಇದೇನಾ ನೋಡಿ. ಯುಪಿಐ ತೋರಿಸೋ ಹೆಸರು ಹೋಟೆಲಿಂದಲ್ಲ, ಯಾರೋ ಒಬ್ಬ ಮನುಷ್ಯಂದು ಅಂದ್ರೆ ಅಲ್ಲೇ ನಿಲ್ಲಿಸಿ. 'ಡೈರೆಕ್ಟಾಗಿ ಮಾಡಿದ್ರೆ ಅರ್ಧ' ಅನ್ನೋ ಫಾರ್ವರ್ಡ್ ನೋಡೇ ಅಲ್ವಾ ಫೋನ್ ಮಾಡಿದ್ದು?

ತಟ್ಟೆ ಇಡ್ಲಿ: ಹೌದು 😐

ಹೊಸ ಸದಸ್ಯೆ: ನಾರ್ತ್ ಕ್ಲಿಫ್ ಒಳ್ಳೇದಾ ಸೌತ್ ಕ್ಲಿಫ್ ಒಳ್ಳೇದಾ?

ಬುಕಿಂಗ್ ಅಕ್ಕ: ಮೇಲೆ ಹೇಳಿದೀನಿ.

ಬುಲೆಟ್ ರಾಜ: ಬೆಂಗಳೂರಿಂದ ಹೆಂಗೆ ಹೋಗೋದು? ಅಲ್ಲಿ ಬುಲೆಟ್ ಬಾಡಿಗೆಗೆ ಸಿಗುತ್ತಾ?

ಬುಕಿಂಗ್ ಅಕ್ಕ: ಕನ್ಯಾಕುಮಾರಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದ್ರೆ ಮಾರನೇ ದಿನ ವರ್ಕಲಾ ಶಿವಗಿರಿ ಸ್ಟೇಷನ್ನಲ್ಲೇ ಇಳಿಬೋದು, ಅಲ್ಲಿಂದ ಆಟೋ. ಫ್ಲೈಟ್ ಆದ್ರೆ ತಿರುವನಂತಪುರ, ಏರ್‌ಪೋರ್ಟಿಂದ ಸುಮಾರು 40 ಕಿ.ಮೀ.

ಹೊಸ ಸದಸ್ಯೆ: ಮೇಲೆ ಅಂದ್ರೆ ಎಲ್ಲಿ? ಸ್ವಲ್ಪ ಹೇಳಿದ್ರೆ ಏನು ಕಳ್ಕೋತೀರ?

ಬುಕಿಂಗ್ ಅಕ್ಕ: ಭಾನುವಾರ ಕಳ್ಕೋತಿದೀನಿ ತಾಯಿ. ಮೂರನೇ ಕಾಮೆಂಟಿಗೆ ಕೊಟ್ಟಿರೋ ಉತ್ತರ.

ಕರಾವಳಿ ಕುವರ: ಸೀ ವ್ಯೂ ಬೇಡ, ಅಂಚು ಬೇಡ, ಹಿಂದಿನ ಬ್ಲಾಕ್ ತಗೊಳಿ ಅಂತೀರಲ್ಲ, ಸಮುದ್ರನೇ ಕಾಣದ ರೂಮಲ್ಲಿ ಜೋಡಿ ಏನ್ ಮಾಡ್ತಾರೆ?

ಬುಕಿಂಗ್ ಅಕ್ಕ: ಅದನ್ನೂ ನಾನೇ ಹೇಳ್ಬೇಕಾ?

ಬುಲೆಟ್ ರಾಜ: 😂😂😂

ಮಲ್ಲಿಗೆ ಹಂಬು: ಹೆಣ್ಮಕ್ಳಿರೋ ಗ್ರೂಪು ಇದು. ಅಡ್ಮಿನ್ ಏನ್ ಮಾಡ್ತಿದ್ದೀರ?

ಕೆ.ಆರ್. ಪೇಟೆ ಎಕ್ಸ್‌ಪ್ರೆಸ್: ಅಕ್ಕಾ ಹೋಟೆಲಿಗೆ ಫೋನ್ ಮಾಡಿದ್ದೆ. ಮೊದಲು ಆಗಲ್ಲ ಅಂದ, ಬಸುರಿ ಅಂದ ತಕ್ಷಣ ಡೇಟ್ ಬದಲಾಯಿಸ್ತೀನಿ ಅಂದ. ಓಣಂ ಕಳೆದು ಸೆಪ್ಟೆಂಬರಿಗೆ ಕೇಳಿದೀನಿ, ಮಳೆ ಸ್ವಲ್ಪ ಇಳಿದಿರುತ್ತೆ ಅಂದ. ಹಿಂದಿನ ಬ್ಲಾಕು, ಕೆಳಗಿನ ಮಹಡಿ, ಆಟೋ ಬರುತ್ತಂತೆ. ಡಾಕ್ಟ್ರನ್ನ ಸೋಮವಾರ ಕೇಳ್ತೀವಿ. ಭೀಮನ ಅಮಾವಾಸ್ಯೆ ಊರಲ್ಲೇ.

ಕೆ.ಆರ್. ಪೇಟೆ ಹೀರೋ: ಭಂಡಾರದೊಳಗೆ ಈ ಸಲ ಚಿಲ್ಲರೆ ಕಾಸು ಇಡ್ಬೇಡಿ ಭಾವ, ನೋಟ್ ಇಡಿ.

ಬುಕಿಂಗ್ ಅಕ್ಕ: ಒಳ್ಳೇದಾಯ್ತು ತಮ್ಮಾ. ಡೇಟ್ ಬದಲಾಯಿಸಿದ್ದು ಬಾಯಿಮಾತಲ್ಲಿ ಬೇಡ, ಹೊಸ ತಾರೀಖು, ರೂಮ್ ನಂಬರ್, ಕಟ್ಟಿರೋ ದುಡ್ಡು ಮೂರೂ ಇರೋ ಮೇಲ್ ತರಿಸ್ಕೋ. ಬುಕ್ ಮಾಡಿದ್ದು ಆ್ಯಪಲ್ಲಿ ಆದ್ರೆ ಆ್ಯಪಲ್ಲೂ ಬದಲಾಗ್ಬೇಕು, ಇಲ್ದಿದ್ರೆ ಅಮಾವಾಸ್ಯೆ ದಿನ ಬರ್ಲಿಲ್ಲ ಅಂತ ಬರ್ಕೊಂಡು ದುಡ್ಡು ಮುಳುಗಿಸ್ತಾರೆ.

ನಾಯಿಪ್ರಿಯ: ಮೇಡಂ ನನ್ನ ಪ್ರಶ್ನೆ ಬಿಟ್ಟೋಯ್ತು, ನಾಯಿ?

ಅಡ್ಮಿನ್: ಕಾಮೆಂಟ್ ಆಫ್ ಮಾಡ್ತಿದ್ದೀನಿ. ಮುಂದಿನ ವಾರ ಕಾರ್ ಇನ್ಶೂರೆನ್ಸ್.