ಅಪ್‌ಡೇಟ್: ಮಗ ಬೇಸಿಗೆ ಧರ್ಮೋಪದೇಶಕ್ಕೆ ಹೋದ

ಏಳನೇ ಕ್ಲಾಸಿನ ಮಗ ಚರ್ಚಿನ ಬೇಸಿಗೆ ಧರ್ಮೋಪದೇಶಕ್ಕೆ ಹೋಗಲ್ಲ ಅಂತ ಹಟ ಹಿಡಿದಿದ್ದಾನೆ, ಬಲವಂತ ಮಾಡಲಾ ಅಂತ ಕೇಳಿದ್ದೆ. ಮೂರು ದಿನ ಕಳಿಸಿ ನೋಡಿ ಅಂದಿದ್ದಿರಿ. ಹಾಗೇ ಮಾಡಿದೆ.

ಮೊದಲ ದಿನ ಮುಖ ಊದಿಸಿಕೊಂಡೇ ಹೋದ. ಎರಡನೇ ದಿನ ಪಾಠ ಮಾಡೋ ಸಿಸ್ಟರ್, ಕಾರ್ಲೊ ಅಕ್ಯುಟಿಸ್ ಅನ್ನೋ ಹುಡುಗನ ಕತೆ ಹೇಳಿದ್ದಾರೆ. ಕಂಪ್ಯೂಟರ್ ಅಂದ್ರೆ ಪ್ರಾಣ ಬಿಡುತ್ತಿದ್ದ ಹುಡುಗ, ಪರಮಪ್ರಸಾದದ (ಚರ್ಚಿನ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದವನು. 2006ರಲ್ಲಿ, ಬರೀ 15ನೇ ವಯಸ್ಸಿಗೆ ತೀರಿಕೊಂಡ. 2025ರ ಸೆಪ್ಟೆಂಬರ್‌ನಲ್ಲಿ ಪೋಪ್ 14ನೇ ಲಿಯೋ ಅವನನ್ನು ಸಂತ ಎಂದು ಘೋಷಿಸಿದರು. "ಅಮ್ಮಾ, ಜೀನ್ಸ್ ಹಾಕೋ ಸಂತ!" ಅಂತ ಓಡಿ ಬಂದ. ನನಗೆ ಕಣ್ಣು ತುಂಬಿತು.

ಅಲ್ಲೇ ನೀಲಿ ದಾರದಲ್ಲಿ ಜಪಸರವನ್ನೂ ಕಟ್ಟಿದ್ದಾನೆ. ಪ್ರತಿ ಭಾಗಕ್ಕೂ ಹತ್ತು ಗಂಟು ಇರಬೇಕು, ಒಂದು ಕಡೆ ಹನ್ನೊಂದಾಗಿದೆ. ಬಿಚ್ಚೋದು ಬೇಡ ಅಂದೆ. ರಾತ್ರಿ ಅದರಲ್ಲೇ ಪ್ರಾರ್ಥನೆ. ಪಾದ್ರಿಯ ಹತ್ತಿರ ತಪ್ಪು ಹೇಳಿಕೊಳ್ಳೋ ಪಾಪನಿವೇದನೆಗೆ ಮಾತ್ರ ಇನ್ನೂ ಹಿಂಜರಿಯುತ್ತಾನೆ. ಆ ವಯಸ್ಸಿಗೆ ಸಹಜ ಅಲ್ವಾ? ನಾನು ಒತ್ತಾಯ ಮಾಡುತ್ತಿಲ್ಲ.