ದವಡೆ ಹಲ್ಲಿಗೆ ಕ್ಯಾಪೋ, ಆನ್‌ಲೇಯೋ?

ಬದಿಯಡ್ಕದ ಭಾವ: ಎಡಗಡೆ ಕೆಳದವಡೆಯ ಹಲ್ಲಿನಲ್ಲಿ ಹಳೆಯ ಬೆಳ್ಳಿ ಫಿಲ್ಲಿಂಗ್ ಇತ್ತು. ಮೊನ್ನೆ ಅಡಿಕೆ ಹೋಳು ಕಚ್ಚಿದಾಗ ಅದರ ಪಕ್ಕದ ಮೂಲೆ ಚಕ್ಕೆ ಹಾರಿತು. ನೋವಿಲ್ಲ, ತಣ್ಣೀರು ತಾಗಿದರೆ ಮಾತ್ರ ಜುಂ ಅನ್ನುತ್ತದೆ. ಡಾಕ್ಟ್ರು ಕ್ಯಾಪ್, ಅಂದರೆ ಇಡೀ ಹಲ್ಲಿಗೆ ಟೊಪ್ಪಿ, ಅಂತಾರೆ. ಮಂಗಳೂರಲ್ಲಿರುವ ಮಗಳು ಆನ್‌ಲೇ, ಅಂದರೆ ಹಾಳಾದ ಭಾಗಕ್ಕಷ್ಟೇ ಅಂಟಿಸುವ ತುಂಡು, ಕೇಳಿ ಅಂತಾಳೆ. ಚಿಕ್ಕ ಮೂಲೆಗೆ ಇಡೀ ಹಲ್ಲು ಅರೆಯಬೇಕಾ?

ಕುಂಬಳೆ ಅಕ್ಕ: ನಾನು ಸೆರಾಮಿಕ್ ಆನ್‌ಲೇ ಹಾಕಿಸಿಕೊಂಡಿದ್ದೇನೆ ಭಾವ. ಕ್ಯಾಪಿಗೆ ಸುತ್ತಲೂ ಅರೆಯುತ್ತಾರೆ. ಇದಕ್ಕೆ ಹಾಳಾದ ಭಾಗ, ಮುರಿದ ಮೂಲೆ ಇಷ್ಟೇ. ಹಲ್ಲಿನ ಒಳ್ಳೆಯ ಗೋಡೆ ಉಳಿಯುತ್ತದೆ. ಅಳತೆ ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ಅಲ್ಲಿವರೆಗೆ ತಾತ್ಕಾಲಿಕ ಮುಚ್ಚಳ. ಆಗ ಹಲಸಿನ ಹಣ್ಣಿನ ಹಲ್ವ ಮುಟ್ಟಬೇಡಿ, ಕಿತ್ತುಕೊಂಡು ಬರುತ್ತದೆ! ಅಂಟಿಸುವಾಗ ಹಲ್ಲು ಪೂರ್ತಿ ಒಣಗಿರಬೇಕು, ಹಾಗಾಗಿ ಸ್ವಲ್ಪ ಹೊತ್ತು ಬಾಯಿ ತೆರೆದೇ ಕೂರಬೇಕು.

ಮಂಜೇಶ್ವರದವ: ಮೊದಲು ಎಕ್ಸ್‌ರೇ ತೆಗೆಸಿ. ಬಿರುಕು ವಸಡಿನ ಕೆಳಗೆ ಇಳಿದಿದ್ದರೆ ಆನ್‌ಲೇ ನಡೆಯದು. ಹೆಚ್ಚು ಗೋಡೆಗಳು ಹೋಗಿದ್ದರೆ ಕ್ಯಾಪೇ ಸರಿ. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಉಂಟಾ?

ಬದಿಯಡ್ಕದ ಭಾವ: ಉಂಟು ಅಂತ ಹೆಂಡತಿಯ ದೂರು.

ಮಂಜೇಶ್ವರದವ: ಹಾಗಾದರೆ ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿಗೆ ಹಾಕುವ ಕವಚ, ಕೇಳಿ. ಅಡಿಕೆ ಮಾರಿ, ತಿನ್ನಬೇಡಿ ಮಾರಾಯ್ರೆ.